ಕಾರ್ಡ್ ವಂಚನೆಯಾದರೆ ಹೊಣೆ ಯಾರದು? ಪಿನ್ ಭದ್ರತೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಖಾತೆಯಿಂದ ಹಣ ಹೋಯಿತೆಂದು ಬ್ಯಾಂಕಿಗೆ ಓಡಿದವರಿಗೆ ಎದುರಾಗುವ ಮೊದಲ ಪ್ರಶ್ನೆ ಬಹುತೇಕ ಒಂದೇ: "ಪಿನ್ ಯಾರಿಗಾದರೂ ಕೊಟ್ಟಿದ್ರಾ?" ಹಣ ಕಳೆದುಕೊಂಡವರು ತಾವೇ ತಪ್ಪು ಮಾಡಿದವರ ಹಾಗೆ ಸಮಜಾಯಿಷಿ ಕೊಡುತ್ತಾ ನಿಲ್ಲಬೇಕಾಗುತ್ತದೆ. ಎಷ್ಟೋ ಜನ ಅಲ್ಲಿಗೇ ಕೈಚೆಲ್ಲಿ ಹಿಂತಿರುಗುತ್ತಾರೆ. ಪಿನ್ ವ್ಯವಸ್ಥೆ ಒಳಗೆ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಸೋತಿದೆ, ಕಾನೂನು ಯಾರಿಂದ ಪುರಾವೆ ಕೇಳುತ್ತದೆ ಎಂಬುದು ಗೊತ್ತಿದ್ದರೆ ಆ ಕೌಂಟರಿನ ಮುಂದೆ ನಿಮ್ಮ ಮಾತಿಗೆ ತೂಕ ಬರುತ್ತದೆ. ಅದಕ್ಕಾಗಿ ಈ ಪ್ರಶ್ನೋತ್ತರ.

ನಾನು ಮಾಡದ ವಹಿವಾಟು ನನ್ನ ಕಾರ್ಡಿನಲ್ಲಿ ಆಗಿದೆ. ನಷ್ಟ ಯಾರ ತಲೆಗೆ?

ಹೆಚ್ಚಿನ ದೇಶಗಳ ಕಾನೂನು ಹೊರಡುವುದೇ ಗ್ರಾಹಕರ ಪರವಾಗಿ. ನೀವು ಒಪ್ಪಿಗೆ ಕೊಡದ ವಹಿವಾಟಿಗೆ ನಿಮ್ಮ ಖಾತೆಯಿಂದ ಹಣ ಕಳೆದಿದ್ದರೆ ಅದನ್ನು ತುಂಬಿಕೊಡಬೇಕಾದ್ದು ಬ್ಯಾಂಕ್. ಇದಕ್ಕೆ ವಿನಾಯಿತಿಗಳಿವೆ: ವಂಚನೆಯಲ್ಲಿ ನೀವೇ ಶಾಮೀಲಾಗಿದ್ದರೆ, ಕಾರ್ಡ್ ಮತ್ತು ಪಿನ್ ಕಾಪಾಡಿಕೊಳ್ಳುವುದರಲ್ಲಿ ನಿಮ್ಮದು ಭಾರಿ ನಿರ್ಲಕ್ಷ್ಯವಾಗಿದ್ದರೆ, ಅಥವಾ ವಿಷಯ ಗೊತ್ತಾದ ಮೇಲೂ ತಿಳಿಸದೆ ಕೂತಿದ್ದರೆ. ಜಗಳಗಳು ಹುಟ್ಟುವುದು ಹೆಚ್ಚಾಗಿ ಈ ನಿರ್ಲಕ್ಷ್ಯದ ಮಾತಿನಿಂದ.

ಕಳ್ಳ ಸಿಕ್ಕಿಬೀಳುವವರೆಗೆ ಕಾಯಬೇಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಪೊಲೀಸ್ ತನಿಖೆ ಅದರ ಪಾಡಿಗೆ ಅದು ನಡೆಯಲಿ. ನಿಮಗೂ ಬ್ಯಾಂಕಿಗೂ ಇರುವ ಲೆಕ್ಕ ಬೇರೆಯೇ.

"ಸರಿಯಾದ ಪಿನ್ ಒತ್ತಲಾಗಿದೆ, ಹಾಗಾಗಿ ನೀವೇ ಹೊಣೆ" ಎಂದು ಬ್ಯಾಂಕ್ ಹೇಳುತ್ತಿದೆ. ಇದು ಸರಿಯೇ?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ವ್ಯವಧಾನ ಇದ್ದರೆ ಇದನ್ನು ಓದಿ. ಪಿನ್ ಬಳಕೆಯಾಗಿದೆ ಎಂದು ಕಂಪ್ಯೂಟರ್ ದಾಖಲೆ ಹೇಳುವುದು ಒಂದು ಸಂಗತಿ. ಆ ಪಿನ್ ಒತ್ತಿದ್ದು ನೀವು, ಅಥವಾ ನಿಮ್ಮ ಅಜಾಗರೂಕತೆಯಿಂದಲೇ ಅದು ಬೇರೆಯವರಿಗೆ ಸಿಕ್ಕಿತು ಎನ್ನುವುದು ಬೇರೆ ಸಂಗತಿ. ಮೊದಲನೆಯದನ್ನು ತೋರಿಸಿ ಎರಡನೆಯದು ಸಾಬೀತಾಯಿತು ಎನ್ನುವಂತಿಲ್ಲ.

ಮೊದಲನೆಯದು ಕೂಡ ಯಾವಾಗಲೂ ನಿಜವಾಗಿರಬೇಕೆಂದಿಲ್ಲ. 2010ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸ್ಟೀವನ್ ಮರ್ಡಾಕ್, ಸಾರ್ ಡ್ರೈಮರ್, ರಾಸ್ ಆಂಡರ್ಸನ್ ಮತ್ತು ಮೈಕ್ ಬಾಂಡ್ ಒಂದು ದಾಳಿಯನ್ನು ಮಾಡಿ ತೋರಿಸಿದರು. ಅಂಗಡಿಯ ಯಂತ್ರಕ್ಕೂ ಕದ್ದ ಕಾರ್ಡಿಗೂ ನಡುವೆ ಒಂದು ಸಣ್ಣ ಸರ್ಕ್ಯೂಟ್ ಕೂರಿಸುತ್ತಾರೆ. ಕಳ್ಳ ಬಾಯಿಗೆ ಬಂದ ನಾಲ್ಕು ಅಂಕಿ ಒತ್ತುತ್ತಾನೆ. "ಈ ಪಿನ್ ಸರಿಯೇ?" ಎಂದು ಯಂತ್ರ ಕಾರ್ಡಿನಲ್ಲಿರುವ ಚಿಪ್ಪನ್ನು ಕೇಳುತ್ತದೆ. ಆ ಪ್ರಶ್ನೆ ಚಿಪ್ಪಿಗೆ ತಲುಪುವುದೇ ಇಲ್ಲ. ನಡುವಿನ ಸರ್ಕ್ಯೂಟೇ "ಸರಿ" ಎಂದು ಉತ್ತರಿಸುತ್ತದೆ. ಇತ್ತ ಚಿಪ್ಪು, ಇದು ಪಿನ್ ಕೇಳದ, ಸಹಿ ಹಾಕಿಸಿಕೊಳ್ಳುವ ವಹಿವಾಟು ಎಂದುಕೊಂಡು ಮುಂದುವರಿಯುತ್ತದೆ. ಕೊನೆಗೆ ಹೊರಬರುವ ರಸೀದಿಯ ಮೇಲೆ "ಪಿನ್ ಮೂಲಕ ದೃಢೀಕರಿಸಲಾಗಿದೆ" ಎಂದು ಅಚ್ಚಾಗಿರುತ್ತದೆ! ಅದೇ ರಸೀದಿ ಹಿಡಿದು ಬ್ಯಾಂಕ್ ನಿಮ್ಮನ್ನು ಪ್ರಶ್ನಿಸಿದರೆ ನೀವೇನು ಉತ್ತರ ಕೊಡುತ್ತೀರಿ?

ಇದು ಪ್ರಯೋಗಾಲಯದಲ್ಲೇ ಉಳಿಯಲಿಲ್ಲ. ಫ್ರಾನ್ಸಿನಲ್ಲಿ ಕದ್ದ ಸುಮಾರು 40 ಕಾರ್ಡುಗಳ ಚಿಪ್ಪಿನ ಮೇಲೆ ಎರಡನೆಯ ಚಿಪ್ಪು ಅಂಟಿಸಿ, ಬೆಲ್ಜಿಯಂನಲ್ಲಿ ಬಳಸಿದ ಒಂದು ತಂಡ ಸಿಕ್ಕಿಬಿತ್ತು. ಹೋದ ಹಣ 6 ಲಕ್ಷ ಯೂರೋ ಹತ್ತಿರ. ಆ ಕಾರ್ಡುಗಳನ್ನು ಎಕ್ಸ್-ರೇಗೆ ಒಡ್ಡಿ ನೋಡಿದ ಸಂಶೋಧಕರು 2015ರಲ್ಲಿ ವಿವರಗಳನ್ನು ಪ್ರಕಟಿಸಿದರು.

ಒಂದು ಮಿತಿಯನ್ನು ಇಲ್ಲಿ ಹೇಳಲೇಬೇಕು. ಈ ದಾಳಿ ನಡೆಯುವುದು ಚಿಪ್ಪೇ ಪಿನ್ ಪರಿಶೀಲಿಸುವ ಕಡೆ. ಎಟಿಎಂನಂತೆ ಪಿನ್ ಬ್ಯಾಂಕಿನವರೆಗೆ ಹೋಗಿ ಅಲ್ಲಿ ತಾಳೆಯಾಗುವ ಕಡೆ ಇದು ನಡೆಯದು. ಹಾಗಾಗಿ ನಿಮ್ಮ ವಹಿವಾಟಿನಲ್ಲಿ ಪಿನ್ ಪರಿಶೀಲಿಸಿದ್ದು ಯಾರು ಎನ್ನುವುದು ಕೇಳಲೇಬೇಕಾದ ಪ್ರಶ್ನೆ.

ಯೂರೋಪಿನ ಎರಡನೆಯ ಪಾವತಿ ಸೇವಾ ನಿರ್ದೇಶನದ 72ನೇ ವಿಧಿ ಇದನ್ನೇ ಕಾನೂನಿನ ಭಾಷೆಯಲ್ಲಿ ಹೇಳುತ್ತದೆ: ಪಾವತಿ ಸಾಧನ ಬಳಕೆಯಾಗಿದೆ ಎಂಬ ದಾಖಲೆಯಷ್ಟೇ ಗ್ರಾಹಕನ ಒಪ್ಪಿಗೆಗಾಗಲಿ, ಆತನ ಭಾರಿ ನಿರ್ಲಕ್ಷ್ಯಕ್ಕಾಗಲಿ ಸಾಕಾದ ಪುರಾವೆ ಆಗಲೇಬೇಕೆಂದಿಲ್ಲ. ಭಾರತದಲ್ಲಿ ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ, ಗ್ರಾಹಕನ ಹೊಣೆಯನ್ನು ಸಾಬೀತು ಮಾಡುವ ಭಾರ ಬ್ಯಾಂಕಿನದ್ದೇ ಎಂದು ಸ್ಪಷ್ಟವಾಗಿ ಬರೆಯಿತು. ನ್ಯಾಯಾಲಯಗಳೆಲ್ಲ ಇದೇ ದಾರಿ ಹಿಡಿದಿಲ್ಲ ಎನ್ನುವುದೂ ನಿಜ. ಕದ್ದ ಕಾರ್ಡಿನಲ್ಲಿ ಸ್ವಲ್ಪ ಹೊತ್ತಿನಲ್ಲೇ ಸರಿಯಾದ ಪಿನ್ ಬಳಕೆಯಾಗಿದ್ದರೆ, ಮಾಲೀಕ ಪಿನ್ ಬರೆದು ಕಾರ್ಡಿನ ಜೊತೆಗೇ ಇಟ್ಟಿದ್ದ ಎಂದು ಮೇಲ್ನೋಟಕ್ಕೆ ಭಾವಿಸಬಹುದು ಎಂದು ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2004ರಲ್ಲಿ ಹೇಳಿತ್ತು. ವ್ಯವಸ್ಥೆ ತಪ್ಪು ಮಾಡುವುದಿಲ್ಲ ಎಂಬ ನಂಬಿಕೆಯ ಮೇಲೆ ನಿಂತ ವಾದ ಅದು. ಅದಾದ ಆರೇ ವರ್ಷಕ್ಕೆ ಕೇಂಬ್ರಿಡ್ಜಿನ ಪ್ರಯೋಗ ಬಂತು.

ಪಿನ್ ನನ್ನೊಬ್ಬನಿಗೇ ಗೊತ್ತಿರುವುದಲ್ಲವೇ? ಬ್ಯಾಂಕಿನ ಸಿಬ್ಬಂದಿಗೆ ಅದು ಕಾಣಿಸುತ್ತದೆಯೇ?

ಕಾಣಿಸಬಾರದು, ವ್ಯವಸ್ಥೆಯ ವಿನ್ಯಾಸವೂ ಹಾಗೆಯೇ ಇದೆ. ಎಟಿಎಂನಲ್ಲಿ ನೀವು ಒತ್ತಿದ ಅಂಕಿಗಳು ಆ ಕೀಲಿಮಣೆಯ ಒಳಗೇ ಗೂಢಲಿಪಿಯಾಗುತ್ತವೆ. ಎಟಿಎಂನ ಒಳಗಿರುವ ಕಂಪ್ಯೂಟರಿಗೂ ಅವು ಸಿಗುವುದಿಲ್ಲ. ಕೀಲಿಮಣೆಯನ್ನು ಬಿಚ್ಚಲು ಹೋದರೆ ಅದು ತನ್ನ ರಹಸ್ಯ ಕೀಗಳನ್ನು ತಾನೇ ಅಳಿಸಿಹಾಕುವಂತೆ ಮಾಡಿರುತ್ತಾರೆ. ಗೂಢಲಿಪಿಯ ಈ ಪೊಟ್ಟಣ ಬ್ಯಾಂಕಿನ ಭದ್ರತಾ ಪೆಟ್ಟಿಗೆಯನ್ನು, ಅಂದರೆ ಪಿನ್ ಪರಿಶೀಲಿಸಲೆಂದೇ ಇರುವ ಭದ್ರವಾದ ಕಂಪ್ಯೂಟರನ್ನು ಸೇರಿ, ಅದರೊಳಗೆ ತಾಳೆಯಾಗಿ, "ಸರಿ" ಅಥವಾ "ತಪ್ಪು" ಎಂಬ ಉತ್ತರ ಮಾತ್ರ ಹೊರಬರುತ್ತದೆ.

ಆದರೆ ಆ ಪೆಟ್ಟಿಗೆಗೂ ಬಿರುಕು ಇರಬಹುದು. 2003ರಲ್ಲಿ ಮೈಕ್ ಬಾಂಡ್ ಮತ್ತು ಪಿಯೋಟರ್ ಝೆಲಿನ್‌ಸ್ಕಿ ಪ್ರಕಟಿಸಿದ ಲೆಕ್ಕ ಬೆಚ್ಚಿಬೀಳಿಸುವಂಥದ್ದು. ಭದ್ರತಾ ಪೆಟ್ಟಿಗೆಗೆ ಪ್ರಶ್ನೆ ಕಳಿಸಲು ಅವಕಾಶವಿರುವ ಒಬ್ಬ ಒಳಗಿನ ಉದ್ಯೋಗಿ, ಆಗ ಬಳಕೆಯಲ್ಲಿದ್ದ ಒಂದು ಲೆಕ್ಕಾಚಾರದ ಕೋಷ್ಟಕವನ್ನು ಬದಲಿಸುತ್ತಾ ಹೋದರೆ ಸರಾಸರಿ 15 ಪ್ರಯತ್ನದಲ್ಲಿ ಒಂದು ಪಿನ್ ಪತ್ತೆ ಮಾಡಬಹುದಿತ್ತು. ವಿನ್ಯಾಸಕಾರರು ಅದಕ್ಕೆ ಸಾವಿರಾರು ಪ್ರಯತ್ನ ಬೇಕು ಎಂದುಕೊಂಡಿದ್ದರು.

ಇಂಥ ದೋಷ ಗ್ರಾಹಕನ ಕಣ್ಣಿಗೆ ಬೀಳುವ ಮಾತೇ ಇಲ್ಲ. ಕೀಲಿಮಣೆ ಯಾವುದು, ಭದ್ರತಾ ಪೆಟ್ಟಿಗೆ ಯಾವುದು, ಯಾರಿಗೆ ಯಾವ ಅನುಮತಿ ಎಂಬುದನ್ನೆಲ್ಲ ಆರಿಸುವವರು ಬ್ಯಾಂಕಿನವರು. ಆರಿಸಿದವರೇ ಅದರ ನಷ್ಟವನ್ನೂ ಹೊರಬೇಕು ಎನ್ನುವುದು ನನ್ನ ಖಚಿತ ನಿಲುವು.

ಹಾಗಾದರೆ ಗ್ರಾಹಕರಿಗೆ ಹೊಣೆಯೇ ಇಲ್ಲವೇ? ಎಲ್ಲ ಬ್ಯಾಂಕಿನ ಮೇಲೆ ಹಾಕಿದರೆ ಜನ ಎಚ್ಚರ ತಪ್ಪುವುದಿಲ್ಲವೇ?

ಹೊಣೆ ಇದೆ. ಆದರೆ ಅದು ಚಿಕ್ಕದು ಮತ್ತು ಸ್ಪಷ್ಟ: ಪಿನ್ ಗುಟ್ಟಾಗಿಡುವುದು, ಕಾರ್ಡ್ ಜೋಪಾನ ಮಾಡುವುದು, ಏನಾದರೂ ಆದರೆ ಕೂಡಲೇ ತಿಳಿಸುವುದು. ಅದರಾಚೆಗಿನದೆಲ್ಲ ಗ್ರಾಹಕನ ಕೈಯಲ್ಲಿಲ್ಲ.

ಜನ ಎಚ್ಚರ ತಪ್ಪುತ್ತಾರೆ ಎಂಬ ವಾದಕ್ಕೆ ಇತಿಹಾಸದಲ್ಲಿ ಒಳ್ಳೆಯ ಉತ್ತರವಿದೆ. ಅಮೆರಿಕದಲ್ಲಿ 1978ರ ಎಲೆಕ್ಟ್ರಾನಿಕ್ ಹಣ ವರ್ಗಾವಣೆ ಕಾಯ್ದೆ ಗ್ರಾಹಕನ ನಷ್ಟಕ್ಕೆ ಮಿತಿ ಹಾಕಿತು. 1980ರ ಜಡ್ ವಿರುದ್ಧ ಸಿಟಿಬ್ಯಾಂಕ್ ಪ್ರಕರಣದಲ್ಲಿ ಒಬ್ಬ ಮಹಿಳೆ, ಎಟಿಎಂನಿಂದ ಹೋದ 800 ಡಾಲರ್ ತಾನು ತೆಗೆದದ್ದಲ್ಲ, ಆ ಹೊತ್ತಿಗೆ ತಾನು ಕೆಲಸದಲ್ಲಿದ್ದೆ ಎಂದರು. ಅವರ ಮಾತು ನಂಬಲರ್ಹವಾಗಿರುವಾಗ ಯಂತ್ರದ ಮಾತೇ ಅಂತಿಮ ಎಂದು ಹೇಳಲು ನ್ಯೂಯಾರ್ಕಿನ ನ್ಯಾಯಾಲಯ ಒಪ್ಪಲಿಲ್ಲ. ಅಟ್ಲಾಂಟಿಕ್ ದಾಟಿದರೆ ಪರಿಸ್ಥಿತಿ ತಿರುಗುಮುರುಗು. 1990ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಬ್ಯಾಂಕುಗಳು ತಮ್ಮ ವ್ಯವಸ್ಥೆಯಲ್ಲಿ ತಪ್ಪಾಗುವುದೇ ಇಲ್ಲ ಎಂದು ವಾದಿಸುತ್ತಿದ್ದವು. ತನ್ನ ಖಾತೆಯಿಂದ ತಾನು ತೆಗೆಯದ ಹಣ ಹೋಗಿದೆ ಎಂದು ದೂರು ಕೊಟ್ಟ ಒಬ್ಬ ಪೊಲೀಸ್ ಕಾನ್‌ಸ್ಟೆಬಲ್ ಮೇಲೆಯೇ ವಂಚನೆಗೆ ಯತ್ನಿಸಿದ ಆರೋಪ ಹೊರಿಸಿ, 1994ರಲ್ಲಿ ಶಿಕ್ಷೆಯನ್ನೂ ಕೊಡಿಸಲಾಯಿತು. ಮೇಲ್ಮನವಿಯ ಹಂತದಲ್ಲಿ, ತನ್ನ ಕಂಪ್ಯೂಟರ್ ವ್ಯವಸ್ಥೆಯನ್ನು ಪ್ರತಿವಾದಿಯ ತಜ್ಞರಿಗೆ ತೋರಿಸಲು ಹಣಕಾಸು ಸಂಸ್ಥೆ ಒಪ್ಪಲಿಲ್ಲ. ಹಾಗಿದ್ದ ಮೇಲೆ ಅದರ ದಾಖಲೆಗಳನ್ನೂ ಪರಿಗಣಿಸುವುದಿಲ್ಲ ಎಂದಿತು ನ್ಯಾಯಾಲಯ. 1996ರಲ್ಲಿ ಆತ ದೋಷಮುಕ್ತನಾದ. ದೂರು ಕೊಟ್ಟ ತಪ್ಪಿಗೆ ಒಬ್ಬ ಮನುಷ್ಯ ವರ್ಷಗಟ್ಟಲೆ ಅಪರಾಧಿಯಾಗಿ ಬದುಕಿದ್ದ ಎನ್ನುವುದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಈ ಎರಡು ದೇಶಗಳನ್ನು ಹೋಲಿಸಿದ ರಾಸ್ ಆಂಡರ್ಸನ್ ಕಂಡುಕೊಂಡದ್ದು ಇಷ್ಟು: ಹೊಣೆ ತಮ್ಮ ಮೇಲೆ ಬಿದ್ದದ್ದರಿಂದ ಅಮೆರಿಕದ ಬ್ಯಾಂಕುಗಳು ಎಟಿಎಂಗಳಿಗೆ ಕ್ಯಾಮೆರಾ ಹಾಕಿದವು, ವಂಚನೆ ಪತ್ತೆಗೆ ಶ್ರಮಪಟ್ಟವು. ಗ್ರಾಹಕರ ಮೇಲೆ ತಪ್ಪು ಹೊರಿಸಬಹುದಾಗಿದ್ದ ಕಡೆ ಬ್ಯಾಂಕಿನವರೇ ಮೈಮರೆತರು. ಹೊಣೆ ಯಾರ ಮೇಲಿರುತ್ತದೋ ಅವರು ಎಚ್ಚರವಾಗಿರುತ್ತಾರೆ. ಇಡೀ ವ್ಯವಸ್ಥೆಯನ್ನು ದುರಸ್ತಿ ಮಾಡಬಲ್ಲವರು ಎಚ್ಚರವಾಗಿರುವುದು ಎಲ್ಲರಿಗೂ ಒಳ್ಳೆಯದು.

ಬೇರೆ ಬೇರೆ ದೇಶಗಳಲ್ಲಿ ಗ್ರಾಹಕರ ನಷ್ಟಕ್ಕೆ ಮಿತಿ ಎಷ್ಟು?

ಯೂರೋಪಿಯನ್ ಒಕ್ಕೂಟದಲ್ಲಿ ಕಳೆದುಹೋದ ಅಥವಾ ಕಳವಾದ ಕಾರ್ಡಿನ ವಿಷಯದಲ್ಲಿ ಗ್ರಾಹಕನ ಪಾಲು ಹೆಚ್ಚೆಂದರೆ 50 ಯೂರೋ, ಬ್ರಿಟನ್ನಿನಲ್ಲಿ 35 ಪೌಂಡ್. ವಂಚನೆ ಅಥವಾ ಭಾರಿ ನಿರ್ಲಕ್ಷ್ಯ ಇದ್ದರೆ ಈ ರಕ್ಷಣೆ ಸಿಗದು.

ಅಮೆರಿಕದಲ್ಲಿ ಡೆಬಿಟ್ ಕಾರ್ಡಿಗೆ ಗಡಿಯಾರವೇ ಮುಖ್ಯ. ಕಾರ್ಡ್ ಹೋದದ್ದು ಗೊತ್ತಾದ ಎರಡು ಕೆಲಸದ ದಿನಗಳೊಳಗೆ ತಿಳಿಸಿದರೆ 50 ಡಾಲರ್, ತಡವಾದರೆ 500 ಡಾಲರ್. ಸ್ಟೇಟ್‌ಮೆಂಟ್ ಕಳಿಸಿ 60 ದಿನ ಕಳೆದ ಮೇಲೂ ಸುಮ್ಮನಿದ್ದರೆ, ಆಮೇಲೆ ಹೋದದ್ದಕ್ಕೆ ಮಿತಿಯೇ ಇಲ್ಲ. ಕ್ರೆಡಿಟ್ ಕಾರ್ಡಿಗೆ ಮಿತಿ 50 ಡಾಲರ್.

ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ತಪ್ಪು ಯಾರ ಕಡೆಯದು ಎಂಬುದರಿಂದ ಶುರುವಾಗುತ್ತದೆ. ತಪ್ಪು ಬ್ಯಾಂಕಿನದಾಗಿದ್ದರೆ, ನೀವು ತಿಳಿಸಿದರೂ ತಿಳಿಸದಿದ್ದರೂ ನಿಮ್ಮ ಹೊಣೆ ಶೂನ್ಯ. ತಪ್ಪು ನಿಮ್ಮದೂ ಅಲ್ಲದೆ ಬ್ಯಾಂಕಿನದೂ ಅಲ್ಲದೆ ವ್ಯವಸ್ಥೆಯಲ್ಲಿ ಬೇರೆಲ್ಲೋ ಇದ್ದಾಗ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಶೂನ್ಯ. ನಾಲ್ಕರಿಂದ ಏಳು ದಿನವಾದರೆ ಖಾತೆಯ ಬಗೆ ನೋಡಿಕೊಂಡು 5,000, 10,000 ಅಥವಾ 25,000 ರೂಪಾಯಿವರೆಗೆ ನಿಮ್ಮ ಪಾಲು. ಸಾಮಾನ್ಯ ಉಳಿತಾಯ ಖಾತೆಗೆ ಇದು 10,000. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿ ಒಪ್ಪಿದ ನೀತಿಯಂತೆ. ಬ್ಯಾಂಕಿನಿಂದ ಸಂದೇಶ ಬಂದ ದಿನವನ್ನು ಈ ಎಣಿಕೆಗೆ ಸೇರಿಸುವುದಿಲ್ಲ. ನೀವು ತಿಳಿಸಿದ 10 ಕೆಲಸದ ದಿನಗಳೊಳಗೆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು, 90 ದಿನಗಳೊಳಗೆ ದೂರು ಇತ್ಯರ್ಥವಾಗಬೇಕು ಎಂಬುದೂ ಅದರಲ್ಲಿದೆ.

ನಿರ್ಲಕ್ಷ್ಯ ಎಂದರೆ ನಿಖರವಾಗಿ ಏನು? ಪಿನ್ ಬರೆದಿಟ್ಟುಕೊಂಡರೆ ತಪ್ಪೇ?

ಕಾರ್ಡಿನ ಹಿಂದೆಯೇ ಪಿನ್ ಬರೆಯುವುದು, ಚೀಟಿಯಲ್ಲಿ ಬರೆದು ಅದೇ ಪರ್ಸಿನಲ್ಲಿ ಇಡುವುದು ಹಲವು ದೇಶಗಳಲ್ಲಿ ಭಾರಿ ನಿರ್ಲಕ್ಷ್ಯದ ಲೆಕ್ಕಕ್ಕೆ ಸೇರುತ್ತದೆ. ಅಮೆರಿಕದ ನಿಯಮ ಮಾತ್ರ ಇಲ್ಲಿಯೂ ಉದಾರಿ. ಪಿನ್ನನ್ನು ಕಾರ್ಡಿನ ಮೇಲೇ ಬರೆದಿದ್ದರೂ ಮೇಲೆ ಹೇಳಿದ ಮಿತಿಗಿಂತ ಹೆಚ್ಚಿನ ನಷ್ಟವನ್ನು ಗ್ರಾಹಕನ ಮೇಲೆ ಹಾಕುವಂತಿಲ್ಲ ಎಂದು ಅದರ ಅಧಿಕೃತ ವ್ಯಾಖ್ಯಾನ ಹೇಳುತ್ತದೆ.

ಜೇಬುಗಳ್ಳನಿಗೆ ಪರ್ಸ್ ಕಳೆದುಕೊಳ್ಳುವುದು, ಹಿಂದೆ ನಿಂತವನು ಇಣುಕಿ ಪಿನ್ ನೋಡಿಬಿಡುವುದು, ಅಂಗಡಿಯ ಯಂತ್ರವನ್ನು ಯಾರೋ ತಿದ್ದಿದ್ದು ಕಣ್ಣಿಗೆ ಬೀಳದಿರುವುದು ಇವು ಯಾವುವೂ ಭಾರಿ ನಿರ್ಲಕ್ಷ್ಯವಲ್ಲ. ಗಮನ ಸ್ವಲ್ಪ ತಪ್ಪುವುದು ಮನುಷ್ಯ ಸಹಜ. ಎಚ್ಚರಿಕೆ ಗೊತ್ತಿದ್ದೂ ಗಾಳಿಗೆ ತೂರುವುದು ಬೇರೆ. ಬ್ಯಾಂಕಿನ ಪತ್ರದಲ್ಲಿ ಬರೀ "ನಿರ್ಲಕ್ಷ್ಯ" ಎಂದಿದ್ದರೆ, ಯಾವ ದಿನ ನಾನು ಏನು ಮಾಡಿದ್ದನ್ನು ನಿರ್ಲಕ್ಷ್ಯ ಎನ್ನುತ್ತಿದ್ದೀರಿ, ಅದಕ್ಕೆ ಆಧಾರವೇನು ಎಂದು ಬರಹದಲ್ಲೇ ಕೇಳಿ.

ಗಂಡ, ಹೆಂಡತಿ, ಮಕ್ಕಳಿಗೆ ಪಿನ್ ಹೇಳಬಹುದೇ? ವಯಸ್ಸಾದ ಅಪ್ಪ ಅಮ್ಮನ ಗತಿ ಏನು?

ಮನೆಯೊಳಗೆ ಇದು ನಂಬಿಕೆಯ ಪ್ರಶ್ನೆ, ಬ್ಯಾಂಕಿನ ಮುಂದೆ ಒಪ್ಪಂದದ ಪ್ರಶ್ನೆ. ಕಾರ್ಡಿನ ಷರತ್ತುಗಳಲ್ಲಿ ಸಾಮಾನ್ಯವಾಗಿ "ಯಾರಿಗೂ" ಎಂದಿರುತ್ತದೆ, ಅದರಲ್ಲಿ ಮನೆಯವರೂ ಬರುತ್ತಾರೆ. ಭಾರತದ ಒಂದು ಗ್ರಾಹಕ ವೇದಿಕೆಯ ಮುಂದೆ ಬಂದ ಪ್ರಕರಣ ನೋಡಿ. ಹೆರಿಗೆಯ ನಂತರ ಮನೆಯಲ್ಲಿದ್ದ ಹೆಂಡತಿ ತನ್ನ ಕಾರ್ಡ್ ಮತ್ತು ಪಿನ್ ಕೊಟ್ಟು ಗಂಡನನ್ನು ಎಟಿಎಂಗೆ ಕಳಿಸಿದರು. 25,000 ರೂಪಾಯಿಯ ಚೀಟಿ ಬಂತು, ನೋಟು ಬರಲಿಲ್ಲ. ಅಲ್ಲಿ ವಂಚನೆಯ ಸುಳಿವೇ ಇರಲಿಲ್ಲ, ಯಂತ್ರ ಹಣ ಕೊಟ್ಟಿತೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ಆದರೂ 2018ರಲ್ಲಿ ತೀರ್ಪು ಅವರ ವಿರುದ್ಧ ಬಂತು, ಕಾರಣ ಪಿನ್ ಹಂಚಿಕೊಂಡದ್ದು. ಮನಸ್ಸಿಗೆ ಒಪ್ಪುವ ತೀರ್ಪಲ್ಲ. ಆದರೆ ಪಿನ್ ಕೊಡುವ ಮುನ್ನ ಇದು ಗೊತ್ತಿರಲಿ.

ಓಡಾಡಲಾಗದವರಿಗೆ, ಅಂಕಿ ನೆನಪಿಡಲಾಗದವರಿಗೆ "ಯಾರಿಗೂ ಹೇಳಬೇಡಿ" ಎಂಬ ಒಂದು ಸಾಲು ಏನೂ ಸಹಾಯ ಮಾಡುವುದಿಲ್ಲ. ಅವರಿಗಿರುವ ದಾರಿಗಳೆಂದರೆ ಜಂಟಿ ಖಾತೆ, ನಂಬಿಕಸ್ಥರ ಹೆಸರಿನಲ್ಲೇ ಪ್ರತ್ಯೇಕ ಪಿನ್ ಇರುವ ಹೆಚ್ಚುವರಿ ಕಾರ್ಡ್, ವ್ಯವಹರಿಸಲು ಬರಹದ ಅಧಿಕಾರ ಪತ್ರ, ಅಥವಾ ಸಣ್ಣ ಮೊತ್ತ ಮಾತ್ರ ಇರುವ ಬೇರೆ ಖಾತೆಯ ಕಾರ್ಡ್. ಹೆಚ್ಚುವರಿ ಕಾರ್ಡ್ ಇದ್ದರೆ ಯಾರು ತೆಗೆದರು ಎನ್ನುವುದೂ ದಾಖಲೆಯಲ್ಲೇ ತಿಳಿಯುತ್ತದೆ.

ನಾಲ್ಕೇ ಅಂಕಿ ಏಕೆ? ಅಷ್ಟು ಸಾಕೇ?

1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಬಾರ್‌ಕ್ಲೇಸ್ ಬ್ಯಾಂಕಿನ ನಗದು ಯಂತ್ರ ಶುರುವಾಯಿತು. ಅದನ್ನು ರೂಪಿಸಿದ, ಶಿಲ್ಲಾಂಗಿನಲ್ಲಿ ಹುಟ್ಟಿದ ಜಾನ್ ಶೆಫರ್ಡ್-ಬ್ಯಾರನ್ ಮೊದಲು ಆರು ಅಂಕಿ ಎಂದುಕೊಂಡಿದ್ದರಂತೆ. ತನಗೆ ನಾಲ್ಕೇ ನೆನಪಿರುವುದು ಎಂದು ಹೆಂಡತಿ ಹೇಳಿದ್ದರಿಂದ ನಾಲ್ಕಕ್ಕೆ ಇಳಿಸಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಪಿನ್ ವಿಧಾನಕ್ಕೆ ಪೇಟೆಂಟ್ ಪಡೆದವರು ಸ್ಕಾಟ್‌ಲೆಂಡಿನ ಜೇಮ್ಸ್ ಗುಡ್‌ಫೆಲೋ, ಅರ್ಜಿ 1966ರದ್ದು.

ನಾಲ್ಕು ಅಂಕಿಗೆ 10,000 ಸಾಧ್ಯತೆ. ಮೂರು ಬಾರಿ ತಪ್ಪಿದರೆ ಕಾರ್ಡ್ ಲಾಕ್. ಪಿನ್ ಯದ್ವಾತದ್ವಾ ಆರಿಸಿದ್ದಾದರೆ ಊಹೆಗೆ ಸಿಗುವ ಸಂಭವ 10,000ಕ್ಕೆ ಮೂರು. ಜನ ಹಾಗೆ ಆರಿಸುವುದಿಲ್ಲವಲ್ಲ! 1234, ನಾಲ್ಕೂ ಒಂದೇ ಅಂಕಿ, ಹುಟ್ಟಿದ ದಿನ ಇವೇ ಹೆಚ್ಚು. ಪರ್ಸಿನಲ್ಲೇ ಹುಟ್ಟಿದ ದಿನಾಂಕವಿರುವ ಗುರುತಿನ ಚೀಟಿ ಇರುವುದರಿಂದ, ಜಾಣ ಕಳ್ಳನೊಬ್ಬ 11ರಿಂದ 18 ಪರ್ಸ್ ಕದ್ದರೆ ಒಂದರಲ್ಲಾದರೂ ಪಿನ್ ಊಹಿಸಬಲ್ಲ ಎಂದು ಜೋಸೆಫ್ ಬೊನೊ ಮತ್ತು ಸಂಗಡಿಗರು 2012ರಲ್ಲಿ ಅಂದಾಜಿಸಿದರು. ಬ್ಯಾಂಕು 1234ರಂಥ ಪಿನ್‌ಗಳನ್ನು ನಿರಾಕರಿಸುತ್ತದೆಯೋ ಇಲ್ಲವೋ ಎಂಬುದರ ಮೇಲೆ ಆ ಸಂಖ್ಯೆ ಏರಿಳಿಯುತ್ತದೆ. ಅಂದರೆ ಇಲ್ಲಿಯೂ ಹೊಣೆ ಎರಡು ಕಡೆ ಇದೆ. ಹುಟ್ಟಿದ ದಿನ ಇಡದಿರುವುದು ನಿಮ್ಮ ಕೆಲಸ, ಅಂಥದ್ದನ್ನು ಒಪ್ಪಿಕೊಳ್ಳದ ಹಾಗೆ ವ್ಯವಸ್ಥೆ ಮಾಡುವುದು ಬ್ಯಾಂಕಿನ ಕೆಲಸ.

ಪಿನ್ ಹಿಂದುಮುಂದಾಗಿ ಒತ್ತಿದರೆ ಪೊಲೀಸರಿಗೆ ಸುದ್ದಿ ಹೋಗುತ್ತದಂತೆ, ನಿಜವೇ?

ಸುಳ್ಳು. ಹಿಂದುಮುಂದು ಒತ್ತಿದರೆ ಅದು ಬರೀ ತಪ್ಪು ಪಿನ್. ಕುತ್ತಿಗೆಗೆ ಚಾಕು ಹಿಡಿದವನ ಎದುರು ಇದನ್ನು ಪ್ರಯತ್ನಿಸಿ ಜೀವ ಅಪಾಯಕ್ಕೊಡ್ಡಬೇಡಿ. ಹಣ ಕೊಟ್ಟು ಪಾರಾಗಿ, ಆಮೇಲೆ ದೂರು ಕೊಡಿ. ಬೆದರಿಸಿ ಪಡೆದ ಪಿನ್ ನಿರ್ಲಕ್ಷ್ಯವಲ್ಲ.

ಚಿಪ್ ಕಾರ್ಡನ್ನೂ ನಕಲು ಮಾಡಬಹುದೇ?

ಚಿಪ್ಪನ್ನು ನಕಲು ಮಾಡುವುದು ಬಹಳ ಕಷ್ಟ. ಕಾರ್ಡಿನ ಹಿಂದಿರುವ ಕಪ್ಪು ಕಾಂತಪಟ್ಟಿಯನ್ನು ನಕಲು ಮಾಡುವುದು ಸುಲಭ. ಸ್ಕಿಮ್ಮರ್ ಎಂಬ ಸಾಧನ ಕಾರ್ಡ್ ತೂರುವ ಕಿಂಡಿಯಲ್ಲಿ ಪಟ್ಟಿಯನ್ನು ಓದುತ್ತದೆ, ಮೇಲಿಟ್ಟ ಪುಟ್ಟ ಕ್ಯಾಮೆರಾ ಪಿನ್ ಸೆರೆಹಿಡಿಯುತ್ತದೆ. ನಕಲಿ ಕಾರ್ಡನ್ನು ಚಿಪ್ ಓದದ ಯಂತ್ರದಲ್ಲಿ, ಅಥವಾ ಚಿಪ್ ಕೆಟ್ಟಿದೆ ಎಂದು ಪಟ್ಟಿಗೆ ಮರಳುವ ಯಂತ್ರದಲ್ಲಿ ಬಳಸುತ್ತಾರೆ. ಕೀಲಿಮಣೆಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಳ್ಳುವ ಅಭ್ಯಾಸ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಬ್ಯಾಂಕು ಮತ್ತು ವ್ಯಾಪಾರಿಗಳ ನಡುವೆಯೂ ಹೊಣೆಯ ಹಂಚಿಕೆ ಇದೆ. ಅಮೆರಿಕದಲ್ಲಿ 2015ರ ಅಕ್ಟೋಬರ್ 1ರಿಂದ ವೀಸಾ, ಮಾಸ್ಟರ್‌ಕಾರ್ಡ್‌ನಂಥ ಕಾರ್ಡ್ ಜಾಲಗಳು ಒಂದು ನಿಯಮ ತಂದವು: ಕಾರ್ಡಿನಲ್ಲಿ ಚಿಪ್ ಇದ್ದು, ಅಂಗಡಿಯ ಯಂತ್ರ ಅದನ್ನು ಓದಲಾರದೆ ಪಟ್ಟಿ ಉಜ್ಜಿಸಿಕೊಂಡು ನಕಲಿ ಕಾರ್ಡಿಗೆ ಮೋಸಹೋದರೆ ನಷ್ಟ ವ್ಯಾಪಾರಿಯ ಕಡೆಯವರದ್ದು. ಭಾರತದಲ್ಲಿ ಬರೀ ಕಾಂತಪಟ್ಟಿಯ ಕಾರ್ಡುಗಳನ್ನು ಚಿಪ್ ಕಾರ್ಡಿಗೆ ಬದಲಿಸಲು 2018ರ ಡಿಸೆಂಬರ್ 31 ಗಡುವಾಗಿತ್ತು. ಇವರಲ್ಲಿ ಯಾರು ಯಾರಿಗೆ ಕೊಡಬೇಕು ಎನ್ನುವುದು ಅವರವರ ನಡುವಿನ ವ್ಯವಹಾರ, ಅದು ಮುಗಿಯಲಿ ಎಂದು ನಿಮ್ಮನ್ನು ಕಾಯಿಸುವಂತಿಲ್ಲ.

ಕಾರ್ಡ್ ತಾಗಿಸಿ ಪಾವತಿ ಮಾಡಿದಾಗ ಪಿನ್ ಇಲ್ಲ. ಆಗ?

ಆಗ ನಿಮ್ಮ ಹೊಣೆ ಇನ್ನೂ ಕಡಿಮೆ. ಪಿನ್ ಕೇಳದಿರುವುದು ಬ್ಯಾಂಕಿನ ಆಯ್ಕೆ. ಬೇಡವೆನಿಸಿದರೆ ಆ ಸೌಲಭ್ಯವನ್ನೇ ಆಪ್‌ನಲ್ಲಿ ಆಫ್ ಮಾಡಲು ಹಲವು ಬ್ಯಾಂಕುಗಳು ಅವಕಾಶ ಕೊಡುತ್ತವೆ.

ಫೋನ್ ಮಾಡಿದವನಿಗೆ ಓಟಿಪಿ ನಾನೇ ಹೇಳಿಬಿಟ್ಟೆ. ಇನ್ನು ಆಸೆ ಬಿಡಬೇಕೇ?

ಬಿಡಬೇಡಿ, ಆದರೆ ದಾರಿ ಕಠಿಣ. ಗುಟ್ಟಿನ ಸಂಖ್ಯೆಯನ್ನು ಗ್ರಾಹಕರೇ ಹಂಚಿಕೊಂಡಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ಪೂರ್ತಿ ನಷ್ಟ ಗ್ರಾಹಕರದ್ದು, ತಿಳಿಸಿದ ಮೇಲಿನದು ಬ್ಯಾಂಕಿನದ್ದು ಎಂದು 2017ರ ಸುತ್ತೋಲೆ ಹೇಳುತ್ತದೆ. ಹಾಗಾಗಿ ನಾಚಿಕೆಯಿಂದ ಸುಮ್ಮನಿರುವ ಒಂದೊಂದು ನಿಮಿಷವೂ ದುಬಾರಿ. ಮೊದಲ ವಹಿವಾಟಾದ ಕೂಡಲೇ ಫೋನ್ ಮಾಡಿದರೆ ಎರಡನೆಯದು, ಮೂರನೆಯದು ತಪ್ಪಬಹುದು, ತಪ್ಪದಿದ್ದರೂ ಅದು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಇಂಥ ಕರೆ ಮಾಡುವವರು ಪಳಗಿದವರು. ನಿಮ್ಮ ಹೆಸರು, ಕಾರ್ಡಿನ ಕೊನೆಯ ಅಂಕಿಗಳು ಅವರಿಗೆ ಮೊದಲೇ ಗೊತ್ತಿರುತ್ತವೆ. "ನಿಮ್ಮ ಖಾತೆಯಿಂದ ಈಗಲೇ ಹಣ ಹೋಗುತ್ತಿದೆ, ತಡೆಯಲು ಸಂಖ್ಯೆ ಹೇಳಿ" ಎಂದು ಗಾಬರಿ ಹುಟ್ಟಿಸುತ್ತಾರೆ. ಆ ಗಾಬರಿಯಲ್ಲಿ ಸಂಖ್ಯೆ ಹೇಳಿದವರನ್ನು ದಡ್ಡರೆನ್ನುವುದು ಅನ್ಯಾಯ. ಆ ಮಾಹಿತಿ ವಂಚಕರಿಗೆ ಎಲ್ಲಿಂದ ಸೋರಿತು ಎಂದು ಕೇಳಿ. ನಡುರಾತ್ರಿ, ಹೊಸ ಫೋನಿನಿಂದ, ಹಿಂದೆಂದೂ ಕಳಿಸದವರಿಗೆ, ಖಾತೆ ಬರಿದಾಗುವಷ್ಟು ಹಣ ಹೋಗುತ್ತಿದ್ದಾಗ ಬ್ಯಾಂಕಿನ ಕಾವಲು ವ್ಯವಸ್ಥೆ ಏನು ಮಾಡುತ್ತಿತ್ತು ಎಂದೂ ಕೇಳಿ. ಬ್ರಿಟನ್ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಮುಂದಿಟ್ಟಿದೆ. ಮೋಸಹೋಗಿ ತಾವೇ ಖಾತೆಯಿಂದ ಖಾತೆಗೆ ಹಣ ಕಳಿಸಿದವರಿಗೂ 2024ರ ಅಕ್ಟೋಬರ್ 7ರಿಂದ 85,000 ಪೌಂಡ್‌ವರೆಗೆ ಮರುಪಾವತಿ ಕಡ್ಡಾಯ. ಕಳಿಸಿದ ಮತ್ತು ಪಡೆದ ಎರಡೂ ಬ್ಯಾಂಕುಗಳು ಅದನ್ನು ಅರ್ಧರ್ಧ ಭರಿಸಬೇಕು. ಇದು ಕಾರ್ಡ್ ಪಾವತಿಗೆ ಅನ್ವಯಿಸದು, ಆದರೆ ವಂಚಕನಿಗೆ ಖಾತೆ ತೆರೆದುಕೊಟ್ಟ ಬ್ಯಾಂಕನ್ನೂ ಹೊಣೆಗಾರನನ್ನಾಗಿ ಮಾಡಿದ್ದು ದೊಡ್ಡ ಮಾತು.

ಹಣ ಹೋದದ್ದು ಗೊತ್ತಾದ ಕೂಡಲೇ ಏನು ಮಾಡಬೇಕು?

ಮೊದಲು ಕಾರ್ಡ್ ಬ್ಲಾಕ್ ಮಾಡಿ, ಆಪ್‌ನಲ್ಲೋ ಕಾರ್ಡಿನ ಹಿಂದಿರುವ ಸಂಖ್ಯೆಗೆ ಫೋನ್ ಮಾಡಿಯೋ. ಅಂತರ್ಜಾಲದಲ್ಲಿ ಹುಡುಕಿ ಸಿಕ್ಕ ಸಹಾಯವಾಣಿ ಸಂಖ್ಯೆಗೆ ಕರೆ ಮಾಡಬೇಡಿ, ಅಲ್ಲೂ ವಂಚಕರೇ ಕಾದು ಕೂತಿರುತ್ತಾರೆ. ದೂರಿನ ಸಂಖ್ಯೆ ಮತ್ತು ಸಮಯ ಬರೆದುಕೊಳ್ಳಿ, ಅದೇ ವಿಷಯವನ್ನು ಇಮೇಲ್‌ನಲ್ಲೂ ಕಳಿಸಿ. ನೀವು ಯಾವಾಗ ತಿಳಿಸಿದಿರಿ ಎನ್ನುವುದಕ್ಕೆ ಸಾಕ್ಷಿ ಬೇಕು. ಭಾರತದಲ್ಲಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ, ಹಣ ಇನ್ನೊಂದು ಖಾತೆಯಲ್ಲಿ ನಿಂತಿರುವಾಗಲೇ ತಡೆಹಿಡಿಯಲು ಅದರಿಂದ ಸಾಧ್ಯವಾಗಬಹುದು.

ಆಮೇಲೆ, ಹೆಚ್ಚಿನವರು ಮರೆಯುವ ಸಂಗತಿ: ಹಳೆಯ ಕಾರ್ಡನ್ನು ಕತ್ತರಿಸಿ ಎಸೆಯಬೇಡಿ. ಕತ್ತರಿಸಿ ಎಂದು ಸಹಾಯವಾಣಿಯವರು ಹೇಳಿದರೂ ವಿವಾದ ಮುಗಿಯುವವರೆಗೆ ಇಟ್ಟುಕೊಳ್ಳಿ. ಕಾರಣ ಮುಂದಿನ ಉತ್ತರದಲ್ಲಿದೆ.

ಬ್ಯಾಂಕಿನಿಂದ ಯಾವ ದಾಖಲೆ ಕೇಳಬೇಕು?

"ವಹಿವಾಟು ಯಶಸ್ವಿ" ಎಂಬ ಒಂದು ಸಾಲಿನ ಮುದ್ರಿತ ಹಾಳೆಗೆ ತೃಪ್ತರಾಗಬೇಡಿ. ವಹಿವಾಟು ಚಿಪ್ಪಿನಿಂದ ಆಯಿತೇ, ಕಾಂತಪಟ್ಟಿಯಿಂದಲೇ, ತಾಗಿಸಿದ್ದೇ, ಕಾರ್ಡ್ ಸಂಖ್ಯೆ ಟೈಪಿಸಿದ್ದೇ ಎಂದು ಕೇಳಿ. ಪ್ರತಿ ದಾಖಲೆಯಲ್ಲೂ ಇದಕ್ಕೊಂದು ಸಂಕೇತ ಇರುತ್ತದೆ. ನಿಮ್ಮದು ಚಿಪ್ ಕಾರ್ಡಾಗಿದ್ದು ವಹಿವಾಟು ಕಾಂತಪಟ್ಟಿಯಿಂದ ಆಗಿದ್ದರೆ ನಕಲಿ ಕಾರ್ಡಿನ ಅನುಮಾನಕ್ಕೆ ಬಲ ಬರುತ್ತದೆ.

ಚಿಪ್ಪಿನಿಂದ ಆಯಿತು ಎಂದು ಬ್ಯಾಂಕ್ ಹೇಳಿದರೆ, ವಹಿವಾಟು ಎಣಿಕೆಯ ಸಂಖ್ಯೆ ಕೇಳಿ. ನಿಮ್ಮ ಚಿಪ್ಪು ಪ್ರತಿ ವಹಿವಾಟಿಗೂ ಒಂದೊಂದು ಅಂಕಿ ಏರಿಸುತ್ತಾ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ವಿವಾದಿತ ವಹಿವಾಟಿನ ಹಿಂದೆ ಮುಂದೆ ನೀವೇ ಮಾಡಿದ ವಹಿವಾಟುಗಳ ಎಣಿಕೆ 211, 212 ಆಗಿದ್ದು, ವಿವಾದದ್ದು 350 ಎಂದಿದ್ದರೆ ಅದು ನಿಮ್ಮ ಕಾರ್ಡಿನಿಂದ ಆದದ್ದೇ ಎಂದು ಕೇಳಲು ಕಾರಣ ಸಿಕ್ಕಿತು. ಕಾರ್ಡ್ ಉಳಿಸಿಕೊಂಡಿದ್ದರೆ ಆ ಎಣಿಕೆಯನ್ನು ಚಿಪ್ಪಿನಿಂದಲೇ ಓದಿಸಬಹುದು. ಕತ್ತರಿಸಿದ ಕಾರ್ಡಿನಿಂದ ಅದು ಕಷ್ಟ.

ಎಟಿಎಂ ಆಗಿದ್ದರೆ ಯಂತ್ರದ ಗುರುತು ಸಂಖ್ಯೆ, ಆ ದಿನದ ಇಜೆ ಲಾಗ್ (ಯಂತ್ರ ತಾನೇ ಬರೆದಿಡುವ ವಹಿವಾಟಿನ ದಾಖಲೆ), ನಗದು ತಾಳೆ ವರದಿ ಮತ್ತು ಸಿಸಿಟಿವಿ ದೃಶ್ಯ ಕೇಳಿ. ದೃಶ್ಯಗಳನ್ನು ಶಾಶ್ವತವಾಗಿ ಇಡುವುದಿಲ್ಲ, ಕೆಲಕಾಲದ ನಂತರ ಅಳಿಸುತ್ತಾರೆ. ಆದ್ದರಿಂದ "ದೃಶ್ಯ ಕಾಯ್ದಿರಿಸಿ" ಎಂಬ ಬರಹದ ಕೋರಿಕೆ ಮೊದಲ ದಿನವೇ ಹೋಗಲಿ.

ಬ್ಯಾಂಕ್ ದೂರನ್ನು ತಳ್ಳಿಹಾಕಿದರೆ?

ತಳ್ಳಿಹಾಕಿದ ಕಾರಣವನ್ನು ಬರಹದಲ್ಲಿ ಪಡೆಯಿರಿ. ಬ್ಯಾಂಕಿನೊಳಗೇ ಇರುವ ಮೇಲಿನ ದೂರು ಅಧಿಕಾರಿಗೆ ಕಳಿಸಿ. ಅಲ್ಲಿಯೂ ಆಗದಿದ್ದರೆ ಬ್ಯಾಂಕಿಂಗ್ ಲೋಕಪಾಲರ (ಓಂಬುಡ್ಸ್‌ಮನ್) ಬಳಿ ಹೋಗಿ. ಭಾರತದಲ್ಲಿ ಬ್ಯಾಂಕ್ 30 ದಿನ ಉತ್ತರಿಸದಿದ್ದರೂ ಆ ಬಾಗಿಲು ತೆರೆದಿರುತ್ತದೆ, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಗ್ರಾಹಕ ನ್ಯಾಯಾಲಯ ಮತ್ತೊಂದು ದಾರಿ.

ದೂರಿನಲ್ಲಿ ಕಥೆ ಹೇಳುವುದಕ್ಕಿಂತ ದಿನಾಂಕ, ಗಂಟೆ, ಮೊತ್ತ, ಕಾರ್ಡ್ ಆಗ ಎಲ್ಲಿತ್ತು, ನೀವು ಎಲ್ಲಿದ್ದಿರಿ ಎಂಬುದನ್ನು ಸಾಲಾಗಿ ಬರೆಯಿರಿ. ನೀವು ಕೇಳಿದ ದಾಖಲೆಗಳಲ್ಲಿ ಯಾವುದನ್ನು ಕೊಟ್ಟರು, ಯಾವುದನ್ನು ಕೊಡಲಿಲ್ಲ ಎಂದೂ ಪಟ್ಟಿ ಮಾಡಿ. ಪುರಾವೆಯ ಭಾರ ಹೊತ್ತ ಬ್ಯಾಂಕು ದಾಖಲೆಯನ್ನೇ ಕೊಟ್ಟಿಲ್ಲ ಎನ್ನುವುದನ್ನು ತೀರ್ಪು ಕೊಡುವವರ ಗಮನಕ್ಕೆ ತರಲು ಆ ಪಟ್ಟಿಯೇ ಬೇಕಾಗುತ್ತದೆ.